ಮಾಥೇರಾನ್‌ಗೆ ಉಗಿಬಂಡಿ ಎಂದು ದುಡ್ಡು ಕೇಳಿದರೆ ಕೊಡಬೇಡಿ

ಮೊದಲೇ ಹೇಳಿಬಿಡುತ್ತೇನೆ. ಮುಂಬೈ ಹತ್ತಿರದ ನೇರಳ್‌ನಿಂದ ಮಾಥೇರಾನ್ ಗಿರಿಧಾಮಕ್ಕೆ ಹೋಗುವ ಪುಟ್ಟ ರೈಲನ್ನು ಈಗ ದಿನಾ ಎಳೆಯುವುದು ಡೀಸೆಲ್ ಎಂಜಿನ್. ಉಗಿ ಎಂಜಿನ್ ಅಲ್ಲ. ಯಾರಾದರೂ "ಕಲ್ಲಿದ್ದಲಿನ ಗಾಡಿ, ಫಸ್ಟ್ ಕ್ಲಾಸ್, ಕಿಟಕಿ ಸೀಟ್ ಗ್ಯಾರಂಟಿ" ಅಂದರೆ ನಂಬಬೇಡಿ. ನಾನು ನಂಬಿದೆ. ತಲೆಗೆ 1,800ರಂತೆ ನಾಲ್ಕು ಜನಕ್ಕೆ 7,200 ರೂಪಾಯಿ ಕೊಟ್ಟೆ.

ನಮ್ಮ ಅಪ್ಪ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟರ್ ಆಗಿದ್ದವರು. ಮೀಟರ್‌ಗೇಜ್ ಉಗಿ ಎಂಜಿನ್‌ಗಳ ಬಾಯ್ಲರ್ ಕೆಲಸ ಮಾಡುತ್ತಾ ಅರ್ಧ ಆಯುಷ್ಯ ಕಳೆದಿದ್ದಾರೆ. ಡಿಸೆಂಬರಿನಲ್ಲಿ ಮುಂಬೈ ಪಕ್ಕದ ಡೊಂಬಿವಲಿಗೆ ನಮ್ಮ ಮನೆಗೆ ಬಂದಿದ್ದರು. ಅವರಿಗೆ ಹೇಳದೆ ಒಮ್ಮೆ ಉಗಿಬಂಡಿಯಲ್ಲಿ ಕೂರಿಸಬೇಕು ಎಂದು ನನಗೆ ಆಸೆ. ಇಲ್ಲಿನ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ಟೂರ್ ಏಜೆಂಟನ ನಂಬರ್ ಸಿಕ್ಕಿತು. ಫೋನ್ ಮಾಡಿದರೆ ಹುಬ್ಬಳ್ಳಿ ಕಡೆಯ ಮಾತು. "ಅಕ್ಕಾರ, ಖರೇ ಉಗಿಬಂಡಿ ರೀ. ಯಜಮಾನರು ಕಣ್ಣಾಗ ನೀರು ತಕ್ಕೊಂತಾರ ನೋಡ್ರಿ" ಅಂದ. ಒಂದು ಫೋಟೋನೂ ಕಳಿಸಿದ. ನೀಲಿ ಎಂಜಿನ್, ಬುಸುಬುಸು ಹೊಗೆ, ಮುಂದೆ ಇಬ್ಬರು ಕೂತಿದ್ದಾರೆ. ಅವತ್ತು ಸಂಜೆಯೇ ದುಡ್ಡು ಹಾಕಿದೆ. ನಮ್ಮ ಕಡೆಯವನು ಅಂತ ಒಂದು ಪ್ರಶ್ನೆ ಕೂಡ ಕೇಳಲಿಲ್ಲ.

ಬೆಳಿಗ್ಗೆ ಕರ್ಜತ್ ಲೋಕಲ್ ಹಿಡಿದು ಏಳೂವರೆಗೆ ನೇರಳ್‌ನಲ್ಲಿ ಇಳಿದೆವು. ಅವನ ಹುಡುಗ ಒಬ್ಬ ಕಾಯುತ್ತಿದ್ದ. ಬಂದವನೇ "ಸೀಟ್ ಫುಲ್. ಟ್ಯಾಕ್ಸಿಯಲ್ಲಿ ಮೇಲೆ ಹೋಗಿ, ಅಲ್ಲಿಂದ ಉಗಿಬಂಡಿ ಹತ್ತಿ" ಅಂದ. ಮಾಥೇರಾನ್ ರೈಲಿನ ಟಿಕೆಟ್ ಕೌಂಟರ್ ಇನ್ನೂ ತೆರೆದೇ ಇರಲಿಲ್ಲ! ಇಪ್ಪತ್ತು ಜನ ಸಾಲಿನಲ್ಲಿ ನಿಂತಿದ್ದರು. "ಇವರೆಲ್ಲ ಯಾಕೆ ನಿಂತಿದ್ದಾರೆ?" ಎಂದು ಕೇಳಿದೆ. "ಅದು ಜನರಲ್ ಲೈನ್, ನಿಮ್ಮದು ಕೋಟಾ" ಅಂದ. ನನಗೆ ಆಗಲೇ ಅರ್ಥವಾಗಬೇಕಿತ್ತು. ಕೌಂಟರ್ ತೆರೆದಿಲ್ಲ ಅಂದಮೇಲೆ ಸೀಟು ತುಂಬುವುದು ಹೇಗೆ? ಆದರೂ ಹೋಗಿ ಟ್ಯಾಕ್ಸಿಯಲ್ಲಿ ಕೂತೆ. ಅದು ಶೇರ್ ಟ್ಯಾಕ್ಸಿ, ಬಾಡಿಗೆ ಬೇರೆ ನಾವೇ ಕೊಡಬೇಕು. ಜನ ತುಂಬುವವರೆಗೆ ಒಂದು ಗಂಟೆಗಿಂತ ಜಾಸ್ತಿ ಕಾಯಿಸಿದ.

ಘಾಟಿ ರಸ್ತೆಯನ್ನು ಹಳಿ ಅಲ್ಲಲ್ಲಿ ದಾಟುತ್ತದೆ. ಒಂದು ಕಡೆ ರೈಲಿಗಾಗಿ ಟ್ಯಾಕ್ಸಿ ನಿಂತಿತು. ಪುಟ್ಟ ರೈಲು ನಮ್ಮ ಮೂಗಿನ ಮುಂದೆಯೇ ಹೋಯಿತು. ಬೆಳಿಗ್ಗೆ ಸಾಲಿನಲ್ಲಿ ನಿಂತಿದ್ದ ಒಂದು ಕುಟುಂಬ ಕಿಟಕಿಯಲ್ಲಿ ಕೂತಿತ್ತು. ಅವರ ಮಗು ನಮಗೆ ಕೈ ಬೀಸಿತು. ನನಗೆ ಮೈಯೆಲ್ಲ ಬಿಸಿಯಾಯಿತು. ಅಪ್ಪ ಎಂಜಿನ್ ನೋಡಿ, "ಡೀಸೆಲ್ ಐತಿ. ಇಲ್ಲಿ 1980ರ ದಶಕದಾಗ ಉಗಿ ತೆಗೆದ್ರಲ್ಲ" ಅಂದರು. ಆಗ ಫೋಟೋ ತೋರಿಸಿದೆ. ಕನ್ನಡಕ ಏರಿಸಿ ಒಂದು ಕ್ಷಣ ನೋಡಿದರು ಅಷ್ಟೇ. "ಇದು ಡಾರ್ಜಿಲಿಂಗ್‌ದು ಅಲ್ಲೇನವ್ವಾ? ಮುಂದ ಕೂತಾವ್ರು ಹಳಿ ಮ್ಯಾಲೆ ಮರಳು ಉದುರಿಸೋರು. ಏರಿನಾಗ ಗಾಲಿ ಜಾರಬಾರದು ಅಂತ."

ಒಂದೇ ಒಂದು ಸಲ ಆ ಫೋಟೋವನ್ನು ಮನೆಯಲ್ಲಿ ಅಪ್ಪನಿಗೆ ತೋರಿಸಿದ್ದರೆ ಮುಗಿಯುತ್ತಿತ್ತು. ಸರ್‌ಪ್ರೈಸ್ ಅಂತ ಮುಚ್ಚಿಟ್ಟೆ. ಇದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ದಸ್ತೂರಿ ನಾಕಾದಲ್ಲಿ ಇನ್ನೊಂದು ಕಥೆ. ಅಲ್ಲಿಂದ ಮುಂದೆ ಮೋಟಾರು ಗಾಡಿ ಬಿಡುವುದಿಲ್ಲ. ಇಳಿಯುತ್ತಿದ್ದಂತೆ ಕುದುರೆಯವರು ಸುತ್ತುವರಿದು "ಟ್ರೇನ್ ಬಂದ್ ಹೈ" ಅಂದರು. ಸುಳ್ಳು. ಕೆಲವೇ ನಿಮಿಷ ನಡೆದರೆ ಅಮನ್ ಲಾಡ್ಜ್ ಸ್ಟೇಷನ್. ಅಲ್ಲಿಂದ ಮಾಥೇರಾನ್‌ಗೆ ಶಟಲ್ ಓಡುತ್ತಲೇ ಇತ್ತು. ಇಂಥ ಸುಳ್ಳುಗಳಿಗೆ ರೋಸಿಹೋಗಿ 2025ರ ಮಾರ್ಚ್‌ನಲ್ಲಿ ಊರಿನವರೇ ಮಾಥೇರಾನ್ ಬಂದ್ ಮಾಡಿದ್ದರು. ನಾನೇ ಪೇಪರಿನಲ್ಲಿ ಓದಿದ್ದೆ. ಓದಿಯೂ ಏನು ಬಂತು? ಶಟಲ್ ಟಿಕೆಟ್ಟನ್ನೂ ನಾವೇ ಕೊಂಡೆವು. ಒಬ್ಬರಿಗೆ ನೂರು ರೂಪಾಯಿಯೂ ಆಗಲಿಲ್ಲ. 21 ಕಿಲೋಮೀಟರ್ ಹೋಗಬೇಕಿದ್ದವರು ಕೊನೆಯ ತುಂಡು ಮಾತ್ರ ಹೋದೆವು.

ಅಲ್ಲಿಂದಲೇ ಏಜೆಂಟನಿಗೆ ಫೋನ್ ಮಾಡಿದೆ. ಅವನ ಉತ್ತರಗಳನ್ನು ಹಾಗೇ ಬರೆಯುತ್ತೇನೆ.

"ಉಗಿ ಎಂಜಿನ್ ಎಲ್ಲಿ?" ಅಂದೆ. "ಇವತ್ತು ರಿಪೇರಿಗೆ ಹೋಗೈತ್ರಿ ಅಕ್ಕಾರ."

ಅಪ್ಪ ರೈಲ್ವೆಯವರು, ಇಲ್ಲಿ ಉಗಿ ಓಡುವುದಿಲ್ಲ ಅನ್ನುತ್ತಿದ್ದಾರೆ ಅಂದೆ. "ಹೊಗಿ ಬಿಡ್ತದಲ್ರಿ? ಮತ್ತೇನ್ ಬೇಕ್ರಿ ನಿಮಗ?"

ಹೊಗೆ ಬಿಡುತ್ತದಂತೆ! ಡೀಸೆಲ್ ಹೊಗೆಗೆ 7,200 ರೂಪಾಯಿ!

ಫೋಟೋ ಡಾರ್ಜಿಲಿಂಗ್‌ದು ಅಂದೆ. "ಫೋಟೋ ಸುಮ್ನೆ ಐಡಿಯಾಕ್ಕ ಕಳ್ಸಿದ್ದು ರೀ." ದುಡ್ಡು ವಾಪಸ್ ಕೇಳಿದೆ. "ಮುಂದಿನ ಟೂರಿಗೆ 500 ಕಡಿಮಿ ಮಾಡ್ತೀನಿ. ನಮ್ಮವರಾಗಿ ಹಿಂಗ ಮಾತಾಡಬಾರ್ದು." ಸಂಜೆ ನನ್ನ ನಂಬರನ್ನೇ ಬ್ಲಾಕ್ ಮಾಡಿದ. ಮೋಸ ಮಾಡಿದವನು ಅವನು, ಹೇಗೆ ಮಾತಾಡಬೇಕೆಂದು ಬುದ್ಧಿ ನನಗೆ.

ರೈಲಿನ ಮೇಲೆ ನನಗೆ ಸಿಟ್ಟಿಲ್ಲ. 1907ರಿಂದ ಇರುವ ಎರಡಡಿ ಅಗಲದ ಹಳಿ ಅದು, ಆ ಗುಡ್ಡ ಹತ್ತುವುದೇ ಒಂದು ಸೊಗಸು. ವಾಪಸ್ ಬರುವಾಗ ನೇರಳ್ ಸ್ಟೇಷನ್ ಹತ್ತಿರ ನಿಲ್ಲಿಸಿರುವ ಹಳೆಯ ಉಗಿ ಎಂಜಿನ್ ಕಂಡಿತು. ಅಪ್ಪ ಅರ್ಧ ಗಂಟೆ ಅಲ್ಲೇ ನಿಂತು ಮೊಮ್ಮಗನಿಗೆ ಒಂದೊಂದೇ ಭಾಗ ತೋರಿಸಿದರು. ಅದಕ್ಕೆ ಯಾರಿಗೂ ದುಡ್ಡು ಕೊಡಬೇಕಿರಲಿಲ್ಲ. ಬೆಳಿಗ್ಗೆ ಆ ಹುಡುಗನ ಹಿಂದೆ ಓಡದಿದ್ದರೆ ಆಗಲೇ ನೋಡುತ್ತಿದ್ದೆವು.

ಹೋಗುವವರು ಬೇಗ ಹೋಗಿ ನೇರಳ್ ಕೌಂಟರ್ ಸಾಲಿನಲ್ಲಿ ನೀವೇ ನಿಲ್ಲಿ. ಮಳೆಗಾಲದಲ್ಲಿ ಕೆಳಗಿನಿಂದ ಗಾಡಿ ಇರುವುದಿಲ್ಲ, ಅಮನ್ ಲಾಡ್ಜ್ ಶಟಲ್ ಅಷ್ಟೇ. ಖರೇ ಉಗಿಯೇ ಬೇಕೆಂದರೆ ಮೆಟ್ಟುಪಾಳ್ಯದಿಂದ ಕೂನೂರಿಗೆ ಹತ್ತುವ ನೀಲಗಿರಿ ರೈಲಿಗೆ ಹೋಗಿ. ನಾನೂ ಅಪ್ಪನನ್ನು ಅಲ್ಲಿಗೇ ಕರೆದೊಯ್ಯಬೇಕಿತ್ತು.

ಮೊನ್ನೆ ಅದೇ ಗುಂಪಿನಲ್ಲಿ ಒಬ್ಬರು ಮಕ್ಕಳ ರಜೆಗೆ ಎಲ್ಲಿಗೆ ಹೋಗೋದು ಎಂದು ಕೇಳಿದರು. ಐದು ನಿಮಿಷದಲ್ಲಿ ಅದೇ ಏಜೆಂಟ್, ಅದೇ ಫೋಟೋ. ಅದಕ್ಕೇ ನಾಚಿಕೆ ಬಿಟ್ಟು ಇಷ್ಟೆಲ್ಲ ಬರೆದೆ. ನಿಮಗೂ ಆ ಫೋಟೋ ಬಂದರೆ ಹಿಗ್ಗಿಸಿ ನೋಡಿ. ನೀಲಿ ಎಂಜಿನ್, ಮುಂದೆ ಮರಳು ಉದುರಿಸುವ ಇಬ್ಬರು.