ರಾತ್ರಿ ಓದೋಕೆ ಅಂತ ಸ್ಮಾರ್ಟ್ ಬಲ್ಬ್, ಸ್ಪೀಕರ್ ತಗೊಳ್ಳೋರು ನನ್ನ ಕಥೆ ಕೇಳಿ

ನಮ್ಮದು ಮೈಸೂರಲ್ಲಿ ಒಂದು ಬೆಡ್‌ರೂಮಿನ ಬಾಡಿಗೆ ಮನೆ. ಅಮ್ಮ ಹತ್ತು ಗಂಟೆಗೆ ಮಲಗುತ್ತಾರೆ, ನನಗೆ ಪುಸ್ತಕ ಹಿಡಿಯೋಕೆ ಪುರುಸೊತ್ತಾಗುವುದೇ ಹನ್ನೊಂದರ ಮೇಲೆ. ಟ್ಯೂಬ್‌ಲೈಟ್ ಹಾಕಿದರೆ ಅವರಿಗೆ ಎಚ್ಚರ ಆಗುತ್ತೆ. ಅದಕ್ಕೇ ಹಬ್ಬದ ಸೇಲ್‌ನಲ್ಲಿ ಫೋನಿಂದಲೇ ಬೆಳಕು ಹೆಚ್ಚು ಕಡಿಮೆ ಮಾಡಬಹುದಾದ ಒಂದು ಸ್ಮಾರ್ಟ್ ಬಲ್ಬು, ಬಾಯಲ್ಲಿ ಹೇಳಿದ್ದನ್ನು ಕೇಳುವ ಒಂದು ಸ್ಮಾರ್ಟ್ ಸ್ಪೀಕರು ತಗೊಂಡೆ. ಎರಡೂ ಸೇರಿ ಐದು ಸಾವಿರದ ಹತ್ತಿರ ಹೋಯಿತು.

ಮೊದಲು ಬಲ್ಬಿನ ವಿಷಯ. ಅದು ವೈಫೈನ 2.4 ಗಿಗಾಹರ್ಟ್ಸ್ ಬ್ಯಾಂಡಿಗೆ ಮಾತ್ರ ಸೇರುತ್ತೆ, 5 ಗಿಗಾಹರ್ಟ್ಸಿನದಕ್ಕೆ ಸೇರಲ್ಲ ಅಂತ ಗೊತ್ತಾಗೋ ಹೊತ್ತಿಗೆ ಒಂದು ಸಂಜೆ ಹಾಳಾಗಿತ್ತು. ಹೋಗಲಿ. ಆಪ್ ಹಾಕಿದರೆ ಫೋನ್ ನಂಬರ್ ಕೇಳಿತು, ಲೊಕೇಶನ್ ಕೇಳಿತು, ಮೈಕ್ ಕೇಳಿತು, ಕೊನೆಗೆ ಕಾಂಟ್ಯಾಕ್ಟ್ಸೂ ಕೇಳಿತು. ಲೊಕೇಶನ್ ಕೇಳುವುದಕ್ಕೆ ಒಂದು ಕಾರಣ ಇದೆ, ಆಂಡ್ರಾಯ್ಡ್ 11ರವರೆಗೆ ಇಂಥ ಬಲ್ಬಿನ ಹಾಗೆ ಸುತ್ತಮುತ್ತ ಇರುವ ಬ್ಲೂಟೂತ್ ಸಾಧನ ಹುಡುಕಬೇಕಾದರೆ ಆ ಪರ್ಮಿಷನ್ ಬೇಕಿತ್ತು, 12ರಿಂದ ಅದಕ್ಕೆ ಬೇರೆಯದೇ ಪರ್ಮಿಷನ್ ಬಂತು. ಮೈಕ್ ಕೇಳಿದ್ದು ಹಾಡಿಗೆ ತಕ್ಕಂತೆ ಬಣ್ಣ ಬದಲಾಯಿಸೋಕಂತೆ. ಆದರೆ ಬಲ್ಬಿಗೆ ನಮ್ಮ ಚಿಕ್ಕಮ್ಮನ ನಂಬರ್ ಯಾಕ್ರೀ ಬೇಕು? ನಾನೂ ಸುಮ್ನೆ ಎಲ್ಲಕ್ಕೂ ಅಲೋ ಒತ್ತಿಬಿಟ್ಟೆ, ತಪ್ಪು ನನ್ನದೂ ಇದೆ.

ಬೆಳಕೇನೋ ಚೆನ್ನಾಗಿತ್ತು, ಬೆಳಕಿನ ಬಣ್ಣ 2700 ಕೆಲ್ವಿನ್‌ಗೆ ಇಟ್ಟರೆ ಹಳೇ ಬಲ್ಬಿನ ಹಳದಿ ಬೆಳಕು. ಆದರೆ ಬೆಳಕು ತಗ್ಗಿಸಿ ಓದಿದ ದಿನವೆಲ್ಲ ತಲೆನೋವು. ಕನ್ನಡಕ ಬದಲಾಯಿಸಬೇಕೇನೋ ಅಂದುಕೊಂಡಿದ್ದೆ. ಒಂದು ದಿನ ಅದೇ ಬೆಳಕಲ್ಲಿ ಪುಟದ ಫೋಟೋ ತೆಗೆಯೋಕೆ ಫೋನ್ ಹಿಡಿದರೆ ಪರದೆ ಮೇಲೆ ಕಪ್ಪು ಪಟ್ಟಿಗಳು ಹರಿದಾಡುತ್ತಿದ್ದವು. ಆಮೇಲೆ ತಿಳಿಯಿತು, ಇಂಥ ಎಷ್ಟೋ ಬಲ್ಬುಗಳಲ್ಲಿ ಬೆಳಕು ನಿಜಕ್ಕೂ ಕಡಿಮೆಯಾಗುವುದಿಲ್ಲ, ಕಣ್ಣಿಗೆ ಕಾಣದಷ್ಟು ಬೇಗ ಆರಿ ಆರಿ ಹತ್ತುತ್ತಿರುತ್ತೆ. ಎಲ್ಲರಿಗೂ ತಲೆನೋವು ಬರುತ್ತೆ ಅಂತಲ್ಲ, ನನಗಂತೂ ಬಂತು. ನೀವೂ ಅಂಗಡಿಯಲ್ಲಿ ಬಲ್ಬ್ ಹಾಕಿಸಿ, ಬೆಳಕು ತಗ್ಗಿಸಿ, ಒಮ್ಮೆ ಕ್ಯಾಮೆರಾ ಹಿಡಿದು ನೋಡಿ.

ಇದರ ಮೇಲೆ ಕರೆಂಟಿನ ಕಾಟ. ಒಂದು ರಾತ್ರಿ ಎರಡು ಗಂಟೆಗೆ ಕರೆಂಟ್ ಹೋಗಿ ಬಂತು. ಆರಿಸಿ ಮಲಗಿದ್ದ ಬಲ್ಬು ಬೆಳ್ಳಗೆ, ಪೂರ್ತಿ ಬೆಳಕಲ್ಲಿ, ಅಮ್ಮನ ಮುಖದ ಮೇಲೆ ಹತ್ತಿಕೊಂಡಿತು. ಕರೆಂಟ್ ಬಂದಾಗ ಹೇಗಿರಬೇಕು ಅಂತ ಸೆಟ್ಟಿಂಗ್ ಕೊಡುವ ಬಲ್ಬುಗಳೂ ಇವೆ. ನನ್ನದರಲ್ಲಿ ಇರಲಿಲ್ಲ. ಯಾರ ನಿದ್ದೆ ಕೆಡಬಾರದು ಅಂತ ಅದನ್ನು ತಂದೆನೋ ಅವರೇ ಎದ್ದು ಕೂತು, "ಏನೋ ಇದು, ಬೆಳಗಾಯ್ತಾ?" ಅಂದರು.

ಇನ್ನು ಸ್ಪೀಕರ್. ಕಣ್ಣು ದಣಿದಾಗ ಆಡಿಯೋ ಪುಸ್ತಕ ಕೇಳೋಣ, ಹಾಸಿಗೆಯಿಂದ ಏಳದೆ ಲೈಟ್ ಆರಿಸೋಣ ಅಂತ ಆಸೆ. ಅಮ್ಮ ಪಕ್ಕದಲ್ಲಿ ಮಲಗಿರುವಾಗ ಮಧ್ಯರಾತ್ರಿ ಲೈಟ್ ಆರಿಸು ಅಂತ ಕೂಗಬೇಕಾಗುತ್ತೆ ಅನ್ನೋದು ಕೊಳ್ಳುವಾಗ ಹೊಳೆಯಲೇ ಇಲ್ಲ ನೋಡಿ. ಇದು ನಗುವ ಮಾತಾಯಿತು. ನಗು ಬಾರದ್ದು ಇನ್ನೊಂದಿದೆ. ಮೂರು ತಿಂಗಳಾದ ಮೇಲೆ ಏನೋ ಹುಡುಕುತ್ತಾ ಆಪ್‌ನ ಹಿಸ್ಟರಿ ತೆಗೆದೆ. ನಾನು ಕೊಟ್ಟ ಆರ್ಡರುಗಳೆಲ್ಲ ಆಡಿಯೋ ಸಮೇತ ಸಾಲಾಗಿ ಕೂತಿದ್ದವು. ನಡುವೆ ನಾನು ಆಫೀಸಲ್ಲಿದ್ದ ಹೊತ್ತಿನದೂ ಒಂದಿತ್ತು. ಒತ್ತಿದೆ. ಕುಕ್ಕರ್ ವಿಷಲ್, ಅದರ ಹಿಂದೆ ಅಮ್ಮ ಫೋನಲ್ಲಿ ಚಿಕ್ಕಮ್ಮನ ಹತ್ತಿರ ಮಾತಾಡುತ್ತಿದ್ದಾರೆ, "ಇದನ್ನ ಅವನಿಗೆ ಮಾತ್ರ ಹೇಳ್ಬೇಡ ಕಣೇ."

ಏನನ್ನು ಅಂತ ಇಲ್ಲಿ ಬರೆಯುವುದಿಲ್ಲ, ಅದು ಅವರ ಮಾತು. ಅದನ್ನು ಎಬ್ಬಿಸೋಕೆ ಕರೆಯುವ ಹೆಸರಿಗೆ ಹತ್ತಿರದ ಸದ್ದು ಕಿವಿಗೆ ಬಿದ್ದರೂ ಈ ಸ್ಪೀಕರ್ ಎದ್ದುಬಿಡುತ್ತೆ, ಎದ್ದ ಮೇಲೆ ಕೇಳಿಸಿದ್ದು ಕಂಪನಿಯ ಸರ್ವರ್‌ಗೆ ಹೋಗುತ್ತೆ. ಅಮ್ಮನಿಗೆ ಹೇಳಿ ಕ್ಷಮೆ ಕೇಳಿದೆ. ಅವರು ಬೈಯಲಿಲ್ಲ. ಆದರೆ ಅವತ್ತಿಂದ ಫೋನ್ ಬಂದರೆ ಎದ್ದು ಬಾಲ್ಕನಿಗೆ ಹೋಗುತ್ತಿದ್ದರು, ನಮ್ಮದೇ ಮನೆಯಲ್ಲಿ. ಅದನ್ನು ನೋಡೋಕಾಗದೆ ಸ್ಪೀಕರನ್ನು ಡಬ್ಬಕ್ಕೆ ಹಾಕಿ ಅಟ್ಟಕ್ಕೆ ಏರಿಸಿದೆ. ನಿಮ್ಮ ಮನೆಯಲ್ಲಿ ಈಗಾಗಲೇ ಇದ್ದರೆ ಸೆಟ್ಟಿಂಗ್‌ನಲ್ಲಿ ರೆಕಾರ್ಡಿಂಗ್ ಉಳಿಸಿಕೊಳ್ಳೋದನ್ನ ನಿಲ್ಲಿಸಿ, ಹಳೆಯದನ್ನು ಅಳಿಸಿ, ಬೇಡದಾಗ ಅದರ ಮೈಕ್ ಬಟನ್‌ನಿಂದ ಮೈಕ್ ಆಫ್ ಮಾಡಿ. ಮನೆಯವರಿಗೂ ಅದು ಇರುವ ವಿಷಯ ಬಿಡಿಸಿ ಹೇಳಿ, ನಾನು ಹೇಳಿರಲಿಲ್ಲ.

ಈಗ ಪುಸ್ತಕಕ್ಕೇ ಸಿಕ್ಕಿಸುವ ಚಾರ್ಜಬಲ್ ಲೈಟು ಇದೆ, ಐನೂರು ರೂಪಾಯಿ ಒಳಗೇ ಬಂತು. ಆಪ್ ಇಲ್ಲ, ವೈಫೈ ಇಲ್ಲ, ಬೆಳಕು ಪುಟದ ಆಚೆ ಅಷ್ಟಾಗಿ ಹೋಗೋದೂ ಇಲ್ಲ. ಸ್ವಿಚ್ಚು ಸ್ವಲ್ಪ ಗಟ್ಟಿ, ಅಷ್ಟೇ.

ಬಲ್ಬನ್ನು ಪಕ್ಕದ ಮನೆ ಹುಡುಗ ಕೇಳಿದ. ಕೊಡುವ ಮೊದಲು ಅಕೌಂಟಿಂದ ತೆಗೆದು ರೀಸೆಟ್ ಮಾಡಿದೆ, ಆಮೇಲೆ ವೈಫೈ ಪಾಸ್‌ವರ್ಡೂ ಬದಲಾಯಿಸಿದೆ, ಯಾಕಂದರೆ ಆ ಪಾಸ್‌ವರ್ಡು ಬಲ್ಬಿನೊಳಗಿನ ಚಿಪ್‌ನಲ್ಲೇ ಇರುತ್ತೆ, ರೀಸೆಟ್ ಮಾಡಿದರೂ ಪೂರ್ತಿ ಅಳಿಸಿಹೋಗುತ್ತೆ ಅಂತ ನಂಬಿ ಕೂರುವ ಹಾಗಿಲ್ಲ.