ಉಬುಂಟು 24.04: ಅಪ್‌ಡೇಟ್ ಆದಮೇಲೆ ರೀಸ್ಟಾರ್ಟ್ ಬೇಕಾ?

ಮನೆಯ ಹಳೇ ಲ್ಯಾಪ್‌ಟಾಪ್‌ಗೆ ಉಬುಂಟು 24.04 (ವಿಂಡೋಸ್ ಬದಲಿಗೆ ಬಳಸಬಹುದಾದ ಒಂದು ಲಿನಕ್ಸ್ ಆಪರೇಟಿಂಗ್ ಸಿಸ್ಟಂ) ಹಾಕಿಕೊಂಡಿದ್ದೇನೆ. ತುಂಬಾ ಹಿಡಿಸಿದ್ದು ಇದರ ಅಪ್‌ಡೇಟ್. ಲಿಬ್ರೆ ಆಫೀಸ್ ಥರದ ಪ್ರೋಗ್ರಾಂ ಅಪ್‌ಡೇಟ್ ಆದರೆ ಅದನ್ನು ಮುಚ್ಚಿ ಮತ್ತೆ ತೆರೆದರೆ ಸಾಕು, ಇಡೀ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡುವ ರಗಳೆ ಇಲ್ಲ. ಲಿನಕ್ಸ್‌ನಲ್ಲಿ ಬಳಕೆಯಲ್ಲಿರುವ ಫೈಲಿನ ಜಾಗಕ್ಕೂ ಹೊಸದನ್ನು ತಂದಿಡಬಹುದು. ಓಡುತ್ತಿರುವ ಪ್ರೋಗ್ರಾಂ ಹಳೇ ಪ್ರತಿಯನ್ನೇ ಹಿಡಿದುಕೊಂಡಿರುತ್ತದೆ, ಮುಂದಿನ ಸಲ ತೆರೆದಾಗ ಹೊಸದು ಬರುತ್ತದೆ. ವಿಂಡೋಸ್‌ನಲ್ಲಿ ಬಳಕೆಯಲ್ಲಿರುವ ಫೈಲಿಗೆ ಸಾಮಾನ್ಯವಾಗಿ ಬೀಗ ಬಿದ್ದಿರುತ್ತದೆ. ಅದಕ್ಕೇ ಅಲ್ಲಿ ರೀಸ್ಟಾರ್ಟ್ ಜಾಸ್ತಿ.

ಹಾಗಂತ ಇಲ್ಲಿ ಬೇಡವೇ ಬೇಡ ಅಂತಲ್ಲ. ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಬದಲಾದರೆ ರೀಸ್ಟಾರ್ಟ್ ಮಾಡಲೇಬೇಕು, ಇಲ್ಲದಿದ್ದರೆ ಹೊಸ ಕರ್ನಲ್ ಡಿಸ್ಕಿನಲ್ಲಿ ಸುಮ್ನೆ ಕೂತಿರುತ್ತದೆ. ಲೈವ್‌ಪ್ಯಾಚ್ ಅಂತ ಒಂದಿದೆ, ಓಡುತ್ತಿರುವ ಕರ್ನಲ್‌ಗೇ ತೇಪೆ ಹಾಕುತ್ತದೆ, ಸ್ವಂತ ಬಳಕೆಗೆ 5 ಕಂಪ್ಯೂಟರ್‌ವರೆಗೆ ಉಚಿತ. ಸರ್ವರ್ ಇಟ್ಟುಕೊಂಡವರಿಗೆ ಸರಿ, ನಾವು ಹೇಗೂ ರಾತ್ರಿ ಶಟ್‌ಡೌನ್ ಮಾಡ್ತೀವಲ್ವಾ? ಲೈವ್‌ಪ್ಯಾಚ್ ತೇಪೆ ಹಾಕುವುದೂ ಗಂಭೀರ ಭದ್ರತಾ ದೋಷಗಳಿಗಷ್ಟೇ.

ಒಂದೇ ಬೇಜಾರು. ಅಪ್‌ಡೇಟ್ ಮುಗಿದಮೇಲೆ ‘ಈಗ ರೀಸ್ಟಾರ್ಟ್, ಆಮೇಲೆ ರೀಸ್ಟಾರ್ಟ್’ ಅಂತ ಕೇಳುವ ಡಬ್ಬಿ ಬರುತ್ತದಲ್ಲ, ಅದರಲ್ಲಿ ಯಾವ ಸಾಫ್ಟ್‌ವೇರಿಗೋಸ್ಕರ ಅಂತ ಹೇಳುವುದೇ ಇಲ್ಲ. ಒಂದು ಸಾಲು ಬರೆದಿದ್ದರೆ ಏನು ಹೋಗುತ್ತಿತ್ತು?