ಹಿಟ್ಟಿನ ಗಿರಣಿಯಲ್ಲಿ ಮೂರು ವರ್ಷ: ಅನಲಾಗ್ ಮಂಡಲದ ಜಾಗದಲ್ಲಿ ನ್ಯೂಕ್ಲಿಯೋ-ಜಿ431ಕೆಬಿ

ನಮ್ಮ ಹಿಟ್ಟಿನ ಗಿರಣಿಯ ಎರಡು ಮೋಟರ್‌ಗಳು ಎಳೆಯುವ ಕರೆಂಟನ್ನು ಅಳೆದು, ಮಿತಿ ಮೀರಿದಾಗ ಕಾಂಟ್ಯಾಕ್ಟರ್ (ಮೋಟರಿನ ವಿದ್ಯುತ್ ಜೋಡಿಸಿ ಕಡಿಯುವ ಸ್ವಿಚ್) ಬಿಡಿಸಲು ನಾನು ಮೊದಲು ಕಟ್ಟಿದ್ದು ಪೂರ್ತಿ ಅನಲಾಗ್ ಮಂಡಲವನ್ನು. ತಂತಿಯ ಕರೆಂಟನ್ನು ಅಳೆಯಲು ಬರುವಂತೆ ಇಳಿಸಿ ಕೊಡುವ ಸಿ.ಟಿ.ಯಿಂದ (ಕರೆಂಟ್ ಟ್ರಾನ್ಸ್‌ಫಾರ್ಮರ್) ಬಂದ ಸಂಕೇತವನ್ನು ಆಪ್‌ಆಂಪ್ (ಸಂಕೇತ ವರ್ಧಿಸುವ ಬಿಡಿಭಾಗ) ಮತ್ತು ಡಯೋಡುಗಳ ರೆಕ್ಟಿಫೈಯರ್ ಏಕಮುಖಗೊಳಿಸುತ್ತಿತ್ತು, ಕೆಪಾಸಿಟರ್ ಅದರ ಏರಿಳಿತವನ್ನು ತಗ್ಗಿಸುತ್ತಿತ್ತು, ಮಿತಿಯನ್ನು ಪ್ರೀಸೆಟ್ (ತಿರುಗಿಸಿ ಬದಲಿಸುವ ಪುಟ್ಟ ರೆಸಿಸ್ಟರ್) ತಿರುಗಿಸಿ ಹೊಂದಿಸಬೇಕಿತ್ತು. ಧೂಳು ಮತ್ತು ಕಂಪನದ ನಡುವೆ ಆ ಪ್ರೀಸೆಟ್ ಇಟ್ಟಲ್ಲಿ ನಿಲ್ಲುತ್ತಿರಲಿಲ್ಲ. ಮೂರು ವರ್ಷಗಳ ಹಿಂದೆ ಅದನ್ನೆಲ್ಲ ಬಿಚ್ಚಿ ನ್ಯೂಕ್ಲಿಯೋ-ಜಿ431ಕೆಬಿ ಎಂಬ ಈ ಮೈಕ್ರೋಕಂಟ್ರೋಲರ್ ಬೋರ್ಡನ್ನು ಕೂರಿಸಿದೆ.

ಇದರ ಮೇಲಿರುವ ಎಸ್‌ಟಿಎಂ32ಜಿ431 ಚಿಪ್ 170 ಮೆಗಾಹರ್ಟ್ಸ್ ವೇಗದಲ್ಲಿ ನಡೆಯುತ್ತದೆ. ವೋಲ್ಟೇಜನ್ನು ಅಂಕಿಯಾಗಿಸುವ 12 ಬಿಟ್‌ನ ಎರಡು ಎ.ಡಿ.ಸಿ., ಮೂರು ಆಪ್‌ಆಂಪ್, ಎರಡು ವೋಲ್ಟೇಜ್‌ಗಳನ್ನು ಹೋಲಿಸುವ ನಾಲ್ಕು ಕಂಪ್ಯಾರೇಟರ್ ಒಳಗೇ ಇವೆ. ಸೆಕೆಂಡಿಗೆ 12,800 ಮಾದರಿ ತೆಗೆದುಕೊಂಡರೆ 50 ಹರ್ಟ್ಸ್‌ನ ಒಂದು ಆವರ್ತಕ್ಕೆ ಸರಿಯಾಗಿ 256 ಮಾದರಿಗಳು ಸಿಗುತ್ತವೆ. ಅವುಗಳನ್ನು ವರ್ಗ ಮಾಡಿ, ಸರಾಸರಿ ತೆಗೆದು, ವರ್ಗಮೂಲ ಕಂಡರೆ ನಿಜವಾದ ಆರ್.ಎಂ.ಎಸ್. (ಏರಿಳಿಯುವ ಕರೆಂಟಿನ ಪರಿಣಾಮಕಾರಿ ಮೌಲ್ಯ) ದೊರೆಯುತ್ತದೆ. ಒಂದು ಮಾದರಿಗೂ ಮುಂದಿನದಕ್ಕೂ ನಡುವೆ ಹದಿಮೂರು ಸಾವಿರಕ್ಕೂ ಹೆಚ್ಚು ಕ್ಲಾಕ್ ಸೈಕಲ್‌ಗಳಿರುವುದರಿಂದ ಈ ಲೆಕ್ಕ ಚಿಪ್‌ಗೆ ಹೊರೆಯೇ ಅಲ್ಲ.

ಈ ಲೆಕ್ಕದ ಬೆಲೆ ತಿಳಿದದ್ದು ಎರಡನೆಯ ವರ್ಷ, ಒಂದು ಮೋಟರಿಗೆ ಅದರ ವೇಗ ಬದಲಿಸುವ ವಿ.ಎಫ್.ಡಿ. ಎಂಬ ಸಾಧನ ಜೋಡಿಸಿದಾಗ. ವಿ.ಎಫ್.ಡಿ. ತನ್ನ ಕರೆಂಟನ್ನು ಅಲೆಯ ತುದಿಗಳಲ್ಲಿ ಚೂಪಾಗಿ ಎಳೆದುಕೊಳ್ಳುತ್ತದೆ; ಸರಾಸರಿಯನ್ನು 1.11ರಿಂದ ಗುಣಿಸುವ ಹಳೆಯ ಪದ್ಧತಿಯು ಶುದ್ಧ ಸೈನ್ ಅಲೆಗೆ ಮಾತ್ರ ಸರಿಹೋಗುವುದರಿಂದ, ಇಂಥ ಅಲೆಯನ್ನು ಅದು ನಿಜಕ್ಕಿಂತ ಕಡಿಮೆ ತೋರಿಸುತ್ತದೆ.

ಆದರೆ ಅದೇ ವಾರ ನನ್ನ ವಿನ್ಯಾಸದ ತಪ್ಪೂ ಹೊರಬಿತ್ತು. ಆಗ ನಾನು ಸೆಕೆಂಡಿಗೆ 10,000 ಮಾದರಿ ತೆಗೆಯುತ್ತಿದ್ದೆ, ವಿ.ಎಫ್.ಡಿ.ಯ ಸ್ವಿಚಿಂಗ್ ಆವೃತ್ತಿಯನ್ನೂ 10 ಕಿಲೋಹರ್ಟ್ಸ್‌ಗೆ ಇಟ್ಟಿದ್ದೆ; ಎರಡೂ ಹತ್ತಿರ ಹತ್ತಿರ ಇದ್ದುದರಿಂದ ಅದರ ಗದ್ದಲ ನಿಧಾನವಾದ ಏರಿಳಿತದ ವೇಷದಲ್ಲಿ ಓದಿಕೆಯೊಳಗೆ ಸೇರಿಕೊಂಡಿತು. ಹೀಗೆ ಒಳಬಂದ ಗದ್ದಲವನ್ನು ಯಾವ ಪ್ರೋಗ್ರಾಮೂ ನಿಜವಾದ ಸಂಕೇತದಿಂದ ಬೇರ್ಪಡಿಸಲಾರದು. ಎ.ಡಿ.ಸಿ. ಪಿನ್ನಿನ ಮುಂದೆ 1 ಕಿಲೋ ಓಮ್ ರೆಸಿಸ್ಟರ್ ಮತ್ತು 100 ನ್ಯಾನೋಫ್ಯಾರಡ್ ಕೆಪಾಸಿಟರ್ ಹಾಕಿ, ಸುಮಾರು 1.6 ಕಿಲೋಹರ್ಟ್ಸ್‌ನಿಂದ ಮೇಲಿನದನ್ನು ತಗ್ಗಿಸಿ, ಮಾದರಿಯ ವೇಗವನ್ನು 12,800ಕ್ಕೆ ಏರಿಸಿದ ಮೇಲೆ ಓದಿಕೆ ಸ್ಥಿರವಾಯಿತು. ಆದ್ದರಿಂದ ಮೈಕ್ರೋಕಂಟ್ರೋಲರ್ ಬಂದರೆ ಅನಲಾಗ್ ಬಿಡಿಭಾಗವೇ ಬೇಡ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಈ ಫಿಲ್ಟರ್, ಸಂಕೇತವನ್ನು 1.65 ವೋಲ್ಟ್ ಎತ್ತರಿಸುವ ಎರಡು ರೆಸಿಸ್ಟರ್, ರಕ್ಷಣೆಯ ಡಯೋಡುಗಳು ಇರಲೇಬೇಕು.

ಮೋಟರ್ ಚಾಲೂ ಆಗುವಾಗ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ; ಆ ಕೆಲವು ಸೆಕೆಂಡುಗಳನ್ನು ಕಡೆಗಣಿಸಲು ಮೊದಲು ಪ್ರತ್ಯೇಕ ಟೈಮರ್ ಮಂಡಲ ಬೇಕಿತ್ತು, ಈಗ ಪ್ರೋಗ್ರಾಮಿನ ನಾಲ್ಕು ಸಾಲು ಸಾಕು. ಗಿರಣಿಯ ಕಲ್ಲು ಹಠಾತ್ತನೆ ಸಿಕ್ಕಿಕೊಂಡಾಗ ಕಾಂಟ್ಯಾಕ್ಟರ್ ಬಿಡಿಸುವ ಕೆಲಸವನ್ನು ಮಾತ್ರ ಒಳಗಿನ ಕಂಪ್ಯಾರೇಟರ್‌ಗೆ ಒಪ್ಪಿಸಿದ್ದೇನೆ, ಏಕೆಂದರೆ ಅದು ಪ್ರೋಗ್ರಾಮ್ ನಿಂತುಹೋಗಿದ್ದರೂ ಕಾಂಟ್ಯಾಕ್ಟರ್ ನಡೆಸುವ, ಚಿಪ್‌ನೊಳಗಿನ ಟೈಮರ್‌ನ ಔಟ್‌ಪುಟ್ಟನ್ನು ನೇರವಾಗಿ ಕಡಿದುಹಾಕುತ್ತದೆ.

3.3 ವೋಲ್ಟ್ ಪೂರೈಕೆಯನ್ನೇ ಅಳತೆಯ ಆಧಾರವಾಗಿಟ್ಟರೆ ಅದು ಅಲುಗಿದಷ್ಟೂ ಓದಿಕೆ ಅಲುಗುತ್ತದೆ. ಚಿಪ್‌ನ ಒಳಗಿನ ಸುಮಾರು 1.2 ವೋಲ್ಟ್ ರೆಫರೆನ್ಸನ್ನು ಆಗಾಗ ಓದಿ ತಿದ್ದಿಕೊಳ್ಳಬೇಕು. 12 ಬಿಟ್ ಎಂದರೆ ಒಂದು ಮೆಟ್ಟಿಲು ಸುಮಾರು 0.8 ಮಿಲಿವೋಲ್ಟ್. ಸಿ.ಟಿ.ಗೆ ಇಷ್ಟು ಧಾರಾಳವಾಗಿ ಸಾಲುತ್ತದೆ. ಪ್ರತಿ ಡಿಗ್ರಿಗೆ 41 ಮೈಕ್ರೋವೋಲ್ಟ್‌ನಷ್ಟೇ ಕೊಡುವ ಕೆ ಮಾದರಿಯ ಥರ್ಮೋಕಪಲ್ಲನ್ನು (ತಾಪ ಅಳೆಯುವ ತಂತಿಜೋಡಿ) ನೇರವಾಗಿ ಜೋಡಿಸಲು ಮಾತ್ರ ಈ ಬೋರ್ಡನ್ನು ಕೊಳ್ಳಬೇಡಿ.